ಓಹಿಯೋಗೆ ಹೋದ ಫ್ಯಾಕ್ಸ್

ಸೋಮವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಮೋಹನ್ ತನ್ನ ಕ್ಯಾಬಿನ್ನಿನಲ್ಲಿ ಕಂಪ್ಯೂಟರ್ ತೆರೆದ. ಅಮೆರಿಕದಿಂದ ಹನ್ನೊಂದು ಮೇಲ್ ಬಂದಿದ್ದವು. ಹನ್ನೊಂದರದ್ದೂ ಒಂದೇ ವಿಷಯ. ಮೊದಲನೆಯದರಲ್ಲಿ ಇದ್ದದ್ದು ಎರಡು ಸಾಲು. ಇದು ನಿಮ್ಮ ಆಫೀಸಿನಿಂದ ಹೊರಗೆ ಹೋಗಿದೆ. ಯಾರೆಂದು ಬುಧವಾರದೊಳಗೆ ತಿಳಿಸಿ, ಪೊಲೀಸರಿಗೆ ದೂರು ಕೊಡಿ.

ಅದರ ಕೆಳಗೆ ಓಹಿಯೋ ರಾಜ್ಯದ ಒಂದು ಪತ್ರಿಕೆಯ ಭಾನುವಾರದ ಪುಟವಿತ್ತು. ಮೋಹನ್ ನಾಲ್ಕು ಸಾಲು ಓದಿ ಎದ್ದು ಕ್ಯಾಬಿನ್ ಬಾಗಿಲು ಹಾಕಿದ.

ಅದು 2004ರ ಅಕ್ಟೋಬರ್. ಅಮೆರಿಕದ ಚುನಾವಣೆಗೆ ಹದಿನೈದು ದಿನ ಉಳಿದಿತ್ತು. ಚೆನ್ನೈನ ಎಗ್ಮೋರಿನಲ್ಲಿ ಮ್ಯೂಸಿಯಂ ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿ ಮೋಹನ್‌ನ ಆಫೀಸು. ಕೆಲಸ ಸರಳವಾದದ್ದು. ಅಮೆರಿಕದ ಚುನಾವಣಾ ಸಲಹೆಗಾರರು ತಮ್ಮ ಸಭೆಗಳನ್ನೂ ಫೋನ್ ಮಾತುಕತೆಗಳನ್ನೂ ಮತದಾರರ ಜೊತೆಗಿನ ಚರ್ಚೆಗಳನ್ನೂ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಅವರು ಮಲಗಿದ್ದಾಗ ಇಲ್ಲಿನ ಮೂವತ್ತೆರಡು ಜನ ಅದನ್ನು ಕೇಳಿ ಟೈಪ್ ಮಾಡುತ್ತಿದ್ದರು. ಎರಡೂ ಪಕ್ಷದವರ ಕೆಲಸ ಬರುತ್ತಿತ್ತು. ಹಾಗಾಗಿ ಎರಡು ಹಾಲ್. ರಿಪಬ್ಲಿಕನ್ನರ ಟೇಪು ಕೆಂಪು ಹಾಲ್‌ಗೆ, ಡೆಮಾಕ್ರಟರದ್ದು ನೀಲಿ ಹಾಲ್‌ಗೆ. ಒಂದು ಕಡೆಯ ಕಾಗದ ಇನ್ನೊಂದು ಕಡೆ ಹೋಗುವಂತಿರಲಿಲ್ಲ. ಊಟ ಮಾತ್ರ ನಡುವಿನ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ.

ಪತ್ರಿಕೆ ಅಚ್ಚು ಹಾಕಿದ್ದು ಕೆಂಪು ಹಾಲ್‌ನ ಮೂರು ಹಾಳೆಗಳನ್ನು. ಕೆಳಮನೆಗೆ ನಿಂತಿದ್ದ ಪ್ರೂಯಿಟ್ ಎಂಬ ಅಭ್ಯರ್ಥಿಯ ಸಲಹೆಗಾರರ ಗುಟ್ಟಿನ ಮಾತುಕತೆ ಅದು. ಕೆಲಸದಿಂದ ನಿವೃತ್ತರಾದವರ ಔಷಧದ ಬೆಲೆ ಇಳಿಸುವ ಮಸೂದೆಯ ಬಗ್ಗೆ ಅವರು ಮಾತಾಡಿದ್ದರು. ಮಸೂದೆಗೆ ನಮ್ಮವನು ಧಾರಾಳವಾಗಿ ಹೌದು ಅನ್ನಲಿ ಎಂದಿದ್ದ ಒಬ್ಬ. ಕೆಳಮನೆಯಲ್ಲಿ ಪಾಸಾದರೂ ಸೆನೆಟ್‌ನಲ್ಲಿ ಅದು ಕ್ಲೋಚರ್ ದಾಟುವುದಿಲ್ಲ. ಮಾತು ಕೊಟ್ಟ ಹಾಗೂ ಆಯಿತು, ಔಷಧ ಕಂಪನಿಗಳಿಗೆ ನೋವೂ ಆಗಲಿಲ್ಲ. ಇನ್ನೊಬ್ಬ ಹೇಳಿದ್ದ, ನಮ್ಮ ಕೈಯಲ್ಲಿ ಹೇಗೂ ವೇಜ್ ಇಶ್ಯೂ ಇದೆ, ಅದನ್ನು ಸರಿಯಾಗಿ ಹೊಡೆದರೆ ಯೂನಿಯನ್ ಎರಡು ಹೋಳಾಗುತ್ತದೆ. ಮಾತ್ರೆಯನ್ನು ಅರ್ಧ ಮುರಿದು ನುಂಗುತ್ತೇನೆ ಅಂದ ಒಬ್ಬ ವಿಧವೆಯ ಮಾತು ನಡುವೆ ಬಂದಿತ್ತು. ಅಲ್ಲಿ ಆವರಣದೊಳಗೆ 'ನಗು' ಎಂದು ಬರೆದಿತ್ತು.

ಕೊನೆಯಲ್ಲಿ ಪತ್ರಿಕೆ ಇನ್ನೊಂದು ಏಟು ಹಾಕಿತ್ತು. ಕೆಲಸಗಳನ್ನು ಹೊರದೇಶಕ್ಕೆ ಕಳಿಸಬಾರದು ಎಂದು ಎರಡು ತಿಂಗಳಿಂದ ಕೂಗುತ್ತಿರುವ ಪ್ರೂಯಿಟ್‌ನ ಸಭೆಗಳನ್ನು ಟೈಪ್ ಮಾಡುತ್ತಿರುವುದು ಭಾರತದಲ್ಲಿ. ಸಾಕ್ಷಿಗೆ ಫ್ಯಾಕ್ಸ್ ಹಾಳೆಯ ಮೇಲಂಚಿನ ಚಿತ್ರ. ಅದರಲ್ಲಿ ಚೆನ್ನೈನ ಒಂದು ನಂಬರು, ಶುಕ್ರವಾರದ ತಾರೀಖು, ವೇಳೆ ಬೆಳಿಗ್ಗೆ ಹನ್ನೊಂದೂ ಇಪ್ಪತ್ತು.

ಮಧ್ಯಾಹ್ನದ ಹೊತ್ತಿಗೆ ಮೋಹನ್‌ಗೆ ಕಳ್ಳ ಸಿಕ್ಕಿದ ಹಾಗಿತ್ತು. ನಂಬರು ಪ್ಯಾರೀಸ್ ಕಾರ್ನರ್ ಪೇಟೆಯ ಒಂದು ಫೋನ್ ಅಂಗಡಿಯದು. ಆ ಟೇಪನ್ನು ಗುರುವಾರ ಟೈಪ್ ಮಾಡಿದವಳು ಮೌನ ಎಂಬ ಹುಡುಗಿ. ಶುಕ್ರವಾರ ಜ್ವರ ಎಂದು ರಜೆ ಹಾಕಿದ್ದಳು. ಕರೆದು ಕೇಳಿದಾಗ ಜ್ವರ ಇರಲಿಲ್ಲ ಎಂದು ಒಪ್ಪಿಕೊಂಡಳು. ಎಲ್ಲಿಗೆ ಹೋಗಿದ್ದೆ ಎಂದರೆ ಪ್ಯಾರೀಸ್ ಕಾರ್ನರ್ ಅಂದಳು. ಮೋಹನ್ ಎಲ್ಲರೆದುರಿಗೇ ಅವಳ ಗುರುತಿನ ಚೀಟಿ ಇಸಿದುಕೊಂಡು ಮನೆಗೆ ಕಳಿಸಿದ. ದೂರಿನ ಕಾಗದವನ್ನೂ ಟೈಪ್ ಮಾಡಿಸಿದ.

ಸಹಿ ಹಾಕಲು ಮಾತ್ರ ಕೈ ಬರಲಿಲ್ಲ. ಆಫೀಸಿನಲ್ಲೇ ಚುರುಕಾದ ಹುಡುಗಿ ಅವಳು. ಅವನು ಅತ್ತಿಗೆಗೆ ಫೋನ್ ಮಾಡಿದ.

* * *

ಮೋಹನ್‌ನ ಅತ್ತಿಗೆ ವಿನೋದಾ ಇಪ್ಪತ್ತೆಂಟು ವರ್ಷ ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡಿದವರು. ಸುಟ್ಟ ಗೋಡೌನು, ಮುಳುಗಿದ ಲಾರಿ, ಸತ್ತಿಲ್ಲದ ಸತ್ತವರು, ಎಲ್ಲ ನೋಡಿದ್ದರು. ಜನರನ್ನು ವಿಚಾರಿಸುವ ಮೊದಲು ಕಾಗದ ಓದುವುದು ಅವರ ಪದ್ಧತಿ. ಮೂರು ಗಂಟೆಗೆ ಬಂದು ಕೂತರು. ಪತ್ರಿಕೆಯಲ್ಲಿ ಬಂದದ್ದು ಒಂದು ಕಡೆ, ಕಂಪನಿ ಶುಕ್ರವಾರ ಅಮೆರಿಕಕ್ಕೆ ಕಳಿಸಿದ ಕೊನೆಯ ಪ್ರತಿ ಇನ್ನೊಂದು ಕಡೆ ಇಟ್ಟುಕೊಂಡರು. ಸ್ಕೇಲು ಹಿಡಿದು ಸಾಲು ಸಾಲಾಗಿ ಓದಿದರು. ಅಮೆರಿಕದ ರಾಜಕೀಯ ಅವರಿಗೆ ಏನೂ ತಿಳಿಯದು. ಅದನ್ನು ಮೊದಲೇ ಹೇಳಿಬಿಟ್ಟರು.

ಮೌನಳೇ ಅಂತ ಹೇಗೆ ಗೊತ್ತಾಯಿತು ಎಂದು ಕೇಳಿದರು. ಮೋಹನ್ ಕರಡು ತಿದ್ದುವ ಅರವಿಂದನನ್ನು ಕರೆಸಿದ. ಮೂವತ್ತರ ಹುಡುಗ, ಬ್ಯಾಂಕ್ ಉದ್ಯೋಗಿಯ ಮಗ. ಶುಕ್ರವಾರ ಬೆಳಿಗ್ಗೆ ಮೌನಳ ಕರಡು ತನ್ನ ಕೈಗೆ ಬಂತು ಎಂದ. ಅವಳು ಆರು ಕಡೆ ವೇಜ್ ಇಶ್ಯೂ ಎಂದು ಹೊಡೆದಿದ್ದಳು. ಟೇಪಿನಲ್ಲಿ ಇದ್ದದ್ದು ವೆಡ್ಜ್ ಇಶ್ಯೂ. ಆರನ್ನೂ ತಿದ್ದಿ ಅದೇ ಫೈಲಿನ ಮೇಲೆ ಸೇವ್ ಮಾಡಿದ. ಅಲ್ಲಿಗೆ ಕರಡು ಕಂಪ್ಯೂಟರಿನಲ್ಲಿ ಉಳಿಯಲಿಲ್ಲ. ಪತ್ರಿಕೆಯಲ್ಲಿ ಬಂದಿರುವುದು ವೇಜ್. ಅಂದರೆ ಹೋಗಿರುವುದು ಮೌನಳ ಕರಡು.

"ವೆಡ್ಜ್ ಅಂದ್ರೆ ಬೆಣೆ ಅಲ್ವಾ? ಮರ ಸೀಳೋದು?" ಎಂದು ವಿನೋದಾ ಕೇಳಿದರು.

"ಅದೇ ಆಂಟಿ. ಎದುರು ಪಾರ್ಟಿಯ ಓಟರ್ಸ್ ಮಧ್ಯೆ ಬೆಣೆ ಹೊಡೆಯೋ ವಿಷಯ. ಇವರಿಗೆ ಅದು ಬಂದೂಕು ಇಟ್ಕೊಳ್ಳೋ ಹಕ್ಕು. ಯೂನಿಯನ್ ಜನ ಔಷಧ ಅಂದ್ರೆ ಡೆಮಾಕ್ರಟ್ ಕಡೆ, ಬಂದೂಕು ಅಂದ್ರೆ ಅರ್ಧ ಜನ ಈ ಕಡೆ. ನನಗೂ ಗೊತ್ತಿರಲಿಲ್ಲ. ನೆಟ್‌ನಲ್ಲಿ ಹುಡುಕಿದೆ. ಪುಸ್ತಕದ ಮಾತಲ್ಲ ಅದು, ಎಲೆಕ್ಷನ್ ಮಾಡೋರ ಮಾತು."

ವಿನೋದಾ ಸ್ಕೇಲನ್ನು ಇನ್ನೊಂದು ಸಾಲಿಗೆ ಜರುಗಿಸಿದರು. ಅರವಿಂದ ಕಳಿಸಿದ ಪ್ರತಿಯಲ್ಲಿ 'ಕ್ಲೋಷರ್' ಎಂದಿತ್ತು. ಪತ್ರಿಕೆಯಲ್ಲಿ 'ಕ್ಲೋಚರ್'. ಇದು ಯಾಕೆ ಬೇರೆ ಎಂದು ಕೇಳಿದರು. ಅರವಿಂದ ಬಗ್ಗಿ ನೋಡಿದ. ಅವನು ಅದನ್ನು ಗಮನಿಸಿರಲೇ ಇಲ್ಲ. ಆ ಜಾಗದಲ್ಲಿ ಟೇಪು ಗೊರಗೊರ ಎನ್ನುತ್ತದೆ, ಮೌನ ಅಲ್ಲಿ ಖಾಲಿ ಬಿಟ್ಟಿದ್ದಳು, ತಾನು ಹತ್ತು ಸಲ ಕೇಳಿ ಕ್ಲೋಷರ್ ಇರಬೇಕು ಅಂತ ಹಾಕಿದೆ ಎಂದ.

"ಮೌನ ಖಾಲಿ ಬಿಟ್ಟಿದ್ದಳು. ನಿಜ ತಾನೆ?"

"ನಿಜ ಆಂಟಿ. ಖಾಲಿ ಗೆರೆ ಎಳೆದು ಪಕ್ಕದಲ್ಲಿ ಟೈಮ್ ಹಾಕಿದ್ದಳು. ಹತ್ತೊಂಬತ್ತನೇ ನಿಮಿಷ."

ಅವನು ಹೋದ ಮೇಲೆ ಮೋಹನ್ ದನಿ ತಗ್ಗಿಸಿದ. ಅರವಿಂದ ಕಳೆದ ತಿಂಗಳವರೆಗೂ ನೀಲಿ ಹಾಲ್‌ನಲ್ಲಿದ್ದ. ಇನ್ನೂ ಮನಸ್ಸಿನಲ್ಲಿ ಡೆಮಾಕ್ರಟ್. ಊಟದ ಕೋಣೆಯಲ್ಲಿ ಇರಾಕ್ ಬಗ್ಗೆ ಜಗಳಕ್ಕೆ ಬೀಳುತ್ತಾನೆ. ಓಟು ಹಾಕಲಾರದ ದೇಶಕ್ಕೆ ಇಷ್ಟೊಂದು ಜಗಳ ಯಾಕೆ ಎಂದು ವಿನೋದಾ ಕೇಳಿದರು. ದಿನವಿಡೀ ಕಿವಿಗೆ ಬೀಳುವುದು ಮನಸ್ಸಿಗೂ ಇಳಿಯುತ್ತದೆ ಎಂದ ಮೋಹನ್. ಆದರೆ ಬಾಗಿಲಿನ ರಿಜಿಸ್ಟರು ನೋಡಿದರೆ ಅರವಿಂದ ಶುಕ್ರವಾರ ಒಂಬತ್ತಕ್ಕೆ ಬಂದವನು ಒಂದೂವರೆಯವರೆಗೆ ಹೊರಗೇ ಹೋಗಿರಲಿಲ್ಲ. ಅವನ ಕಂಪ್ಯೂಟರ್ ಹನ್ನೊಂದೂ ಇಪ್ಪತ್ತಕ್ಕೆ ಆ ಟೇಪನ್ನೇ ಓಡಿಸುತ್ತಿತ್ತು.

ವಿನೋದಾ ದೂರಿನ ಕಾಗದವನ್ನು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ನಾಳೆ ಸಂಜೆಯವರೆಗೆ ಇದು ನನ್ನ ಹತ್ತಿರ ಇರಲಿ ಎಂದರು.

* * *

ಮೌನಳ ಮನೆ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ತಾಯಿ ಶಾರದಮ್ಮ ಬಾಗಿಲು ತೆಗೆದರು. ಅತ್ತು ಕಣ್ಣು ಊದಿತ್ತು. ಮಗಳ ಕಣ್ಣು ಒಣಗಿತ್ತು. ಅವಳು ಸಿಟ್ಟಿನಲ್ಲಿದ್ದಳು, ಮಾತಿನ ಕನ್ನಡದಲ್ಲಿ ತಮಿಳು ಬೆರೆಯುತ್ತಿತ್ತು.

ಒಳಗಿನ ಮಂಚದ ಮೇಲೆ ಮದುವೆ ಕಾಗದದ ಮಾದರಿಗಳ ಕಟ್ಟು. ಅಕ್ಕ ವಂದನಾಳ ಮದುವೆ ಕಾರ್ತೀಕದಲ್ಲಿ. ಪ್ಯಾರೀಸ್ ಕಾರ್ನರಿನ ಬೀದಿಯಲ್ಲಿ ಕಾರ್ಡು ಆರಿಸಲು ಶುಕ್ರವಾರ ಹೋಗಿದ್ದರು. ಎಲೆಕ್ಷನ್ ತಿಂಗಳಲ್ಲಿ ಯಾರಿಗೂ ರಜೆ ಇಲ್ಲ ಎಂದು ಬೋರ್ಡಿನಲ್ಲಿ ಹಾಕಿದ್ದರಿಂದ ಜ್ವರ ಅಂದಿದ್ದಳು.

"ಅದು ಸುಳ್ಳು ದಾನ್, ಒಪ್ಕೋತೀನಿ. ಆದ್ರೆ ಫ್ಯಾಕ್ಸ್ ನಾನ್ ಮಾಡ್ಲಿಲ್ಲ ಆಂಟಿ. ಆ ಅಂಗಡಿ ಎಲ್ಲಿದೆ ಅಂತ್ಲೂ ತೆರಿಯಾದು."

ವಿನೋದಾ ಫ್ಯಾಕ್ಸಿನ ಬಗ್ಗೆ ಕೇಳಲೇ ಇಲ್ಲ. ಟೇಪಿನಲ್ಲಿ ಒಂದು ಮಾತು ತಿಳಿಯದೆ ಹೋದರೆ ಏನು ಮಾಡುತ್ತೀಯ ಎಂದು ಕೇಳಿದರು. ಖಾಲಿ ಬಿಡ್ತೀನಿ ಎಂದಳು ಮೌನ. ಆಮೇಲೆ? ಆ ಹಾಳೆಗಳನ್ನು ಪ್ರಿಂಟ್ ತೆಗೆದು ಮೇಷ್ಟ್ರ ಟ್ರೇಯಲ್ಲಿ ಇಡ್ತೀನಿ.

ಮೇಷ್ಟ್ರು ಅಂದರೆ ಅಂದಾನಿ ಮೇಷ್ಟ್ರು. ನಗರದ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಕೊಳ್ಳೇಗಾಲದ ಕಡೆಯವರು. ವಾರಕ್ಕೊಮ್ಮೆ, ಮಂಗಳವಾರ, ಆಫೀಸಿಗೆ ಬಂದು ಅಮೆರಿಕದ ಸಂಸತ್ತು, ಅಲ್ಲಿನ ನಿಯಮ, ಪದಗಳ ಅರ್ಥ ಹೇಳಿಕೊಡುತ್ತಿದ್ದರು. ಎರಡೂ ಹಾಲ್‌ಗೆ ಹೋಗಬಹುದಾದವರು ಅವರೊಬ್ಬರೇ. ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ, ಟೇಪು ಕೇಳುತ್ತಿರಲಿಲ್ಲ. ಕಾಗದ, ಪೆನ್ನು, ಅಷ್ಟೇ.

ಗುರುವಾರ ಹೊರಡುವಾಗ ಮೌನ ಆ ಮೂರು ಹಾಳೆಗಳನ್ನು ಟ್ರೇಯಲ್ಲಿ ಇಟ್ಟಿದ್ದಳು. ಮಂಗಳವಾರ ಅವರು ನೋಡಲಿ, ಮುಂದಿನ ಸಲಕ್ಕೆ ತನಗೆ ಗೊತ್ತಿರಲಿ ಅಂತ. ಮೋಹನ್ ಸಾರಿಗೆ ಇದನ್ನು ಹೇಳಿದೆಯಾ ಎಂದರೆ, ಅವರು ಕಂಪ್ಯೂಟರಿನ ಬಗ್ಗೆ ಕೇಳಿದರು, ಕಾಗದದ ಬಗ್ಗೆ ಕೇಳಲಿಲ್ಲ ಎಂದಳು.

ಅಲ್ಲಿಂದಲೇ ವಿನೋದಾ ಮೋಹನ್‌ಗೆ ಫೋನ್ ಮಾಡಿ ಟ್ರೇ ನೋಡಿಸಿದರು. ಅದು ಖಾಲಿ ಇತ್ತು.

* * *

ಮಂಗಳವಾರ ಬೆಳಿಗ್ಗೆ ವಿನೋದಾ ಪುರಸೈವಾಕ್ಕಂಗೆ ಹೋದರು. ನವರಾತ್ರಿ. ಮೇಷ್ಟ್ರ ಮನೆಯಲ್ಲಿ ಐದು ಮೆಟ್ಟಿಲಿನ ಗೊಂಬೆ ಕೂರಿಸಿದ್ದರು. ಮೇಷ್ಟ್ರ ಹೆಂಡತಿ ಜಯಲಕ್ಷ್ಮಮ್ಮ ಕುಂಕುಮ ಕೊಟ್ಟು, ಕಡಲೆ ಸುಂಡಲ್ ತಂದಿಟ್ಟರು. ಕಾಲೇಜಿನ ಕಥೆ, ಕೊಳ್ಳೇಗಾಲದ ಕಥೆ ಹೇಳಿದರು. ಗೊಂಬೆಯ ಹೊಸ ಜರಿ ಬಟ್ಟೆ ಚೆನ್ನಾಗಿದೆ ಎಂದರು ವಿನೋದಾ.

"ಶುಕ್ರವಾರ ಇವ್ರೇ ತಂದ್ಕೊಟ್ರು. ಪ್ಯಾರೀಸ್ ಕಾರ್ನರ್ ಕಡೆ ಏನೋ ಕೆಲ್ಸ ಅಂತ ಹೋಗಿದ್ರು. ಇಷ್ಟು ವರ್ಷದಲ್ಲಿ ಕೇಳ್ದೇ ತಂದಿದ್ದು ಇದೇ ಮೊದ್ಲು."

ವಿನೋದಾ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟರು. ಬಾಗಿಲಲ್ಲಿ ನೋಡಿದ ಕೂಡಲೇ ಮೇಷ್ಟ್ರು ಅವರಿಗೆ ಇಷ್ಟವಾಗಿದ್ದರು.

ಅಂದಾನಿ ಮೇಷ್ಟ್ರು ಸಣ್ಣ ಆಳು. ಅರವತ್ತಾರು ವರ್ಷ. ಮೋಹನ್ ನಿನ್ನೆ ಸಂಜೆ ಫೋನ್ ಮಾಡಿ ಎಲ್ಲ ಹೇಳಿದ್ದಾನೆ, ಪಾಪ ಆ ಹುಡುಗಿ ಎಂದರು. ತಾವು ಕಳೆದ ಮಂಗಳವಾರದಿಂದ ಆಫೀಸಿಗೆ ಹೋಗಿಲ್ಲ ಎಂದೂ ಅವರೇ ಸೇರಿಸಿದರು.

ನನಗೆ ಈ ಅಮೆರಿಕದ ವಿಷಯ ಏನೂ ಅರ್ಥವಾಗುತ್ತಿಲ್ಲ, ನೀವು ಹೇಳಿಕೊಡಬೇಕು ಎಂದು ವಿನೋದಾ ಪತ್ರಿಕೆಯ ಪುಟ ಮುಂದಿಟ್ಟರು. ಮೇಷ್ಟ್ರು ಕನ್ನಡಕ ಹಾಕಿಕೊಂಡರು. ದನಿಯೇ ಬದಲಾಯಿತು. ಸೆನೆಟ್‌ನಲ್ಲಿ ಒಬ್ಬ ಸದಸ್ಯ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾ ಮಸೂದೆಯನ್ನು ತಡೆಯಬಹುದು. ಚರ್ಚೆ ಸಾಕು ಅನ್ನಬೇಕಾದರೆ ನೂರರಲ್ಲಿ ಅರವತ್ತು ಮತ ಬೇಕು. ಅದಕ್ಕೆ ಕ್ಲೋಚರ್ ಎಂದು ಹೆಸರು. ಕ್ಲೋಷರ್ ಅಲ್ಲ. ಫ್ರೆಂಚ್‌ನಿಂದ ಬಂದ ಮಾತು, ಹುಡುಗರು ಯಾವಾಗಲೂ ತಪ್ಪು ಮಾಡುತ್ತಾರೆ. ಇಷ್ಟು ಚೆನ್ನಾಗಿ ಯಾರೂ ತಮಗೆ ಪಾಠ ಹೇಳಿರಲಿಲ್ಲ ಅನ್ನಿಸಿತು ವಿನೋದಾಗೆ.

ಆಮೇಲೆ ಅವರು ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು.

"ಇದು ಮೇಷ್ಟ್ರೇ? ವೇಜ್ ಇಶ್ಯೂ?"

"ಕೂಲಿ ವಿಷಯ ಕಣಮ್ಮ. ಸಂಬಳ ಜಾಸ್ತಿ ಮಾಡ್ತೀವಿ ಅಂತ ಒಂದು ಗುಂಪಿಗೆ ಆಸೆ ತೋರ್ಸಿ ಯೂನಿಯನ್ ಒಡೆಯೋದು. ಇದ್ರಲ್ಲಿ ಗೊತ್ತಾಗ್ದೆ ಇರೋದೇನಿದೆ?"

ವಿನೋದಾ ಪುಟವನ್ನು ಮಡಚಿದರು. ಜಯಲಕ್ಷ್ಮಮ್ಮ ಅಡುಗೆಮನೆಗೆ ಹೋಗಿದ್ದರೂ ದನಿ ಎತ್ತಲಿಲ್ಲ. ನಾಲ್ಕು ಗಂಟೆಗೆ ಆಫೀಸಿಗೆ ಬನ್ನಿ ಮೇಷ್ಟ್ರೇ, ಮನೆಯಲ್ಲಿ ಈ ಮಾತು ಬೇಡ ಎಂದರು. ಮೇಷ್ಟ್ರು ಅವರ ಮುಖ ನೋಡಿದರು. ಯಾಕೆ ಎಂದು ಕೇಳಲಿಲ್ಲ.

* * *

ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಮೇಷ್ಟ್ರು ಬಂದರು. ಕ್ಯಾಬಿನ್ನಿನಲ್ಲಿ ಮೋಹನ್, ವಿನೋದಾ, ಅವರು, ಮೂರೇ ಜನ.

ವಿನೋದಾ ಹೇಳತೊಡಗಿದರು. ಒಂದೇ ಮಾತುಕತೆಗೆ ಮೂರು ರೂಪ. ಮೌನಳ ಕರಡಿನಲ್ಲಿ ವೇಜ್ ಇತ್ತು, ಹತ್ತೊಂಬತ್ತನೇ ನಿಮಿಷದಲ್ಲಿ ಖಾಲಿ ಜಾಗ ಇತ್ತು. ಅರವಿಂದನ ಪ್ರತಿಯಲ್ಲಿ ವೆಡ್ಜ್ ಬಂತು, ಖಾಲಿ ಜಾಗಕ್ಕೆ ಕ್ಲೋಷರ್ ಬಂತು. ಪತ್ರಿಕೆಯಲ್ಲಿ ವೇಜ್ ಹಾಗೇ ಇದೆ, ಖಾಲಿ ಜಾಗದಲ್ಲಿ ಮಾತ್ರ ಕ್ಲೋಚರ್. ಅಂದರೆ ಮೌನಳ ಕರಡನ್ನು ಮೂರನೆಯವರೊಬ್ಬರು ಕೈಯಲ್ಲಿ ತಿದ್ದಿದ್ದಾರೆ. ಮೌನಳಿಗೆ ಆ ಪದ ಗೊತ್ತಿದ್ದರೆ ಖಾಲಿ ಬಿಡುತ್ತಿರಲಿಲ್ಲ. ಅರವಿಂದನಿಗೆ ಗೊತ್ತಿದ್ದರೆ ತಪ್ಪು ಹಾಕಿ ಗಿರಾಕಿಗೆ ಕಳಿಸುತ್ತಿರಲಿಲ್ಲ.

ಪತ್ರಿಕೆಯವರೇ ತಿದ್ದಿರಬಹುದಲ್ಲ ಎಂದು ಮೋಹನ್ ಕೇಳಿದ. ಅದನ್ನೂ ಯೋಚಿಸಿದೆ ಎಂದರು ವಿನೋದಾ. ಚುನಾವಣೆಯ ಸುದ್ದಿ ಬರೆಯುವ ಅಮೆರಿಕದವರಿಗೆ ವೆಡ್ಜ್ ದಿನವೂ ಬಾಯಲ್ಲಿರುವ ಮಾತು. ತಿದ್ದುವವರಾಗಿದ್ದರೆ ಅದನ್ನೇ ಮೊದಲು ತಿದ್ದುತ್ತಿದ್ದರು. ಅವರು ಬಂದದ್ದನ್ನು ಬಂದ ಹಾಗೆ ಹಾಕಿದ್ದಾರೆ.

"ಸೆನೆಟ್‌ನ ನಿಯಮ ಅಂಗೈಯಲ್ಲಿದೆ, ಆದ್ರೆ ಇವತ್ತಿನ ಎಲೆಕ್ಷನ್ ಮಾತು ಗೊತ್ತಿಲ್ಲ. ಟೇಪು ಕೇಳಿಲ್ಲ, ಕಾಗದ ಮಾತ್ರ ನೋಡಿದ್ದಾರೆ. ಅಂಥವರು ಈ ಆಫೀಸಿನಲ್ಲಿ ಒಬ್ಬರೇ ಮೋಹನ. ಅದು ವೇಜ್ ಅಲ್ಲ ಮೇಷ್ಟ್ರೇ, ವೆಡ್ಜ್. ಬೆಣೆ."

ಮೇಷ್ಟ್ರು ಆ ಪದವನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡರು.

ಕನ್ನಡಕದ ಡಬ್ಬಿ ಮರೆತಿದ್ದೆ ಎಂದರು. ಗುರುವಾರ ಸಂಜೆ ಅದಕ್ಕೆಂದು ರಿಜಿಸ್ಟರಿನಲ್ಲಿ ಬರೆಯದೆ ಒಳಗೆ ಬಂದಾಗ ಟ್ರೇಯಲ್ಲಿ ಹಾಳೆಗಳು ಕಂಡವು. ನಿಂತಲ್ಲೇ ಓದಿದರು. ಆ ವಿಧವೆ ಅವರಿಗೆ ಗೊತ್ತಿದ್ದವಳೇ. ಹಿಂದಿನ ವಾರ ಅವಳ ಸಭೆಯ ಪ್ರತಿಯನ್ನೂ ತಿದ್ದಿದ್ದರು. ಉಕ್ಕಿನ ಕಾರ್ಖಾನೆಯಲ್ಲಿ ಗಂಡ ಸತ್ತಿದ್ದ. ಮಾತ್ರೆ ಮುರಿಯಲು ಅಡುಗೆಮನೆಯ ಚಾಕುವಿಗಿಂತ ರೇಜರ್ ಬ್ಲೇಡು ಒಳ್ಳೆಯದು, ಪುಡಿಯಾಗುವುದಿಲ್ಲ ಎಂದು ಅವಳು ವಿವರಿಸಿದ್ದಳು. ಈ ಹಾಳೆಯಲ್ಲಿ ಅವಳ ಹೆಸರಿನ ಪಕ್ಕ 'ನಗು' ಎಂದಿತ್ತು.

"ಸೆನೆಟ್‌ನಲ್ಲಿ ಚರ್ಚೆ ಯಾಕೆ ಅಷ್ಟು ಉದ್ದ ಇಟ್ರು ಅಂತ ಮೂವತ್ತೊಂದು ವರ್ಷ ಹೇಳ್ಕೊಟ್ಟೆ. ಚಿಕ್ಕ ಗುಂಪಿನ ಮಾತೂ ಕೇಳ್ಲಿ ಅಂತ, ಅಂತಿದ್ದೆ. ಇವರು ಅದನ್ನೇ ಇಟ್ಕೊಂಡು ಆ ಹೆಂಗಸಿಗೆ ಮೋಸ ಮಾಡೋಕೆ ಹೊರಟಿದ್ರು. ನೀಲಿ ಹಾಲ್‌ನವರು ಮಾಡಿದ್ರೂ ನಾನು ಹೀಗೇ ಮಾಡ್ತಿದ್ದೆ. ನಂಗೆ ಯಾವ ಪಾರ್ಟಿಯೂ ಇಲ್ಲ."

ಲೈಬ್ರರಿಯ ಡೈರೆಕ್ಟರಿಯಲ್ಲಿ ಪತ್ರಿಕೆಯ ನಂಬರು ಸಿಕ್ಕಿತ್ತು. ಖಾಲಿ ಜಾಗ ಯಾಕೆ ತುಂಬಿದಿರಿ ಎಂದು ಮೋಹನ್ ಕೇಳಿದ. ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. ಖಾಲಿ ಬಿಟ್ಟ ಉತ್ತರ ಕಂಡರೆ ಕೈ ಸುಮ್ಮನಿರುವುದಿಲ್ಲ ಎಂದರು ಮೇಷ್ಟ್ರು.

ವಿನೋದಾ ಚೀಲದಿಂದ ದೂರಿನ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಮೊದಲ ಸಾಲಿನಲ್ಲೇ ಮೌನಳ ಹೆಸರಿತ್ತು.

"ನಿನ್ನೆ ಸಂಜೆ ನಿಮಗೆ ಗೊತ್ತಾಯ್ತು. ಬೆಳಿಗ್ಗೆ ನಾನು ಬಂದಾಗ್ಲೂ ಹೇಳ್ಲಿಲ್ಲ. ಅಲ್ಲಿಯ ಹೆಂಗಸಿಗೆ ನ್ಯಾಯ ಬೇಕು ಅಂದ್ರಿ. ಇಲ್ಲಿಯವಳಿಗೆ?"

ಮೇಷ್ಟ್ರು ಹೆದರಿಕೆಯಾಯಿತು ಎಂದಷ್ಟೇ ಹೇಳಿದರು. ಈ ವಯಸ್ಸಿನಲ್ಲಿ ಪೊಲೀಸು, ಮನೆಯ ಮುಂದೆ ಜೀಪು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಅವರು ಕಾಗದ ಕೇಳಿ ಇಸಿದುಕೊಂಡು, ಅಲ್ಲೇ ಕೂತು ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿಕೊಟ್ಟರು.

ಮೋಹನ್ ಆ ಕಾಗದವನ್ನು ಓಹಿಯೋಗೆ ಕಳಿಸಿದ. ದೂರು ಕೊಡುವುದಿಲ್ಲ, ತಪ್ಪು ಮಾಡಿದವರನ್ನು ಕೆಲಸದಿಂದ ತೆಗೆದಿದ್ದೇನೆ ಎಂದು ಜೊತೆಗೆ ಬರೆದ. ಪ್ರೂಯಿಟ್‌ನ ಜನ ಆ ದಿನವೇ ಕೆಲಸ ಹಿಂತೆಗೆದುಕೊಂಡರು. ಅದೇ ಪಕ್ಷದ ಇನ್ನಿಬ್ಬರು ಗಿರಾಕಿಗಳು ಉಳಿದರು. ಚುನಾವಣೆ ಹತ್ತಿರವಿತ್ತು, ಅಷ್ಟು ವೇಗವಾಗಿ ಟೈಪ್ ಮಾಡುವವರು ಬೇರೆ ಎಲ್ಲೂ ಸಿಗುತ್ತಿರಲಿಲ್ಲ.

* * *

ಆ ಸಂಜೆಯೇ ಮೇಷ್ಟ್ರು ಪೆರಂಬೂರಿಗೆ ಹೋದರು. ದಾರಿ ತೋರಿಸಲು ವಿನೋದಾ ಜೊತೆಗಿದ್ದರು. ಶಾರದಮ್ಮ ಕುರ್ಚಿ ಹಾಕಿದರು. ಮೇಷ್ಟ್ರು ಕೂರಲಿಲ್ಲ. ನಡೆದದ್ದನ್ನು ಒಂದೂ ಬಿಡದೆ ಹೇಳಿದರು, ಕ್ಷಮಿಸು ಎಂದರು.

ಮೌನ ಗೋಡೆಗೆ ಒರಗಿ ನಿಂತು ಕೇಳಿದಳು. ಆ ವಿಧವೆಯ ಟೇಪನ್ನು ಟೈಪ್ ಮಾಡಿದವಳು ಅವಳೇ. ತನಗೂ ಅವತ್ತು ಊಟ ಸೇರಲಿಲ್ಲ ಎಂದಳು. ಆಮೇಲೆ ತಲೆಯೆತ್ತಿ ನೇರವಾಗಿ ನೋಡಿದಳು.

"ಇಲ್ಲಿ ಬಂದು ಹೇಳಿದ್ದು ಪತ್ತಾದು ಸರ್, ಸಾಲ್ದು. ನನ್ನ ಐಡಿ ಕಾರ್ಡ್ ಎಲ್ಲಾರ್ ಎದುರ್ಗೇ ಇಸ್ಕೊಂಡ್ರು. ನೀವೂ ಎಲ್ಲಾರ್ ಎದುರ್ಗೇ ಹೇಳ್ಬೇಕು."

ಶಾರದಮ್ಮ ಮಗಳ ಕೈ ಹಿಡಿದು ತಡೆಯಲು ನೋಡಿದರು. ವಿನೋದಾ ಬೇಡ ಎಂದು ಸನ್ನೆ ಮಾಡಿದರು. ಮೇಷ್ಟ್ರು ಆಗಲಿ ಎಂದರು.

ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಎರಡೂ ಹಾಲ್‌ನವರು ಊಟದ ಕೋಣೆಗೆ ಬಂದಾಗ ಅಂದಾನಿ ಮೇಷ್ಟ್ರು ಅಲ್ಲಿ ನಿಂತಿದ್ದರು. ತರಗತಿಯಲ್ಲಿ ನಿಲ್ಲುವ ಹಾಗೆ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದರು. ಡಬ್ಬಿಗಳನ್ನು ತೆರೆಯುವ ಸದ್ದು ನಿಂತಿತು. ತಾನು ಏನು ಮಾಡಿದೆ, ಯಾಕೆ ಮಾಡಿದೆ, ಒಂದು ರಾತ್ರಿ ಒಂದು ಹಗಲು ಏನು ಮಾಡಲಿಲ್ಲ, ಮೂರನ್ನೂ ಹೇಳಿದರು. ಯಾಕೆ ಅನ್ನುವುದನ್ನು ಚಿಕ್ಕದಾಗಿ, ಮಾಡದೆ ಹೋದದ್ದನ್ನು ವಿವರವಾಗಿ. ಅರವಿಂದ ತಲೆ ತಗ್ಗಿಸಿದ. ಯಾರೋ ಮೂಗು ಒರೆಸಿಕೊಂಡರು.

ಮಾತು ಮುಗಿದ ಮೇಲೆ ಕೊರಳಲ್ಲಿ ಮತ್ತೆ ಗುರುತಿನ ಚೀಟಿ ಹಾಕಿಕೊಂಡಿದ್ದ ಮೌನ ಎದ್ದಳು. ತನ್ನ ಡಬ್ಬಿಯ ಮೊಸರನ್ನದಲ್ಲಿ ಅರ್ಧವನ್ನು ಮುಚ್ಚಳಕ್ಕೆ ಹಾಕಿ, ಒಂದು ಚಮಚ ಇಟ್ಟು, ಮೇಷ್ಟ್ರ ಎದುರಿಗೆ ಸರಿಸಿದಳು. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ಕೂತು ತಿನ್ನಿ ಸರ್, ಒಂದೂವರೆಗೆ ಟೇಪು ಬರುತ್ತೆ ಎಂದಳಷ್ಟೇ.

ಮೇಷ್ಟ್ರು ಕೂತರು.